ಹಾರ್ಟ್ ಬದಲಾದ ಮಾಸ್ತರರು

ನಮ್ಮ ಇಂಗ್ಲಿಷ್ ಮಾಸ್ತರರ ಶ್ರದ್ಧಾಂಜಲಿ ಸಭೆಗೆ ನಾನು ಬರಲೇಬೇಕೆಂದು ಇಳಕಲ್ಲಿನ ಹೈಸ್ಕೂಲಿನ ಹೆಡ್‌ಮಾಸ್ತರರು ಹುನಗುಂದದ ನಮ್ಮ ಶಾಲೆಗೆ ತಾವೇ ಬಂದು ಹೇಳಿದರು. "ಅವರ ಕೈಯಾಗ ಕಲ್ತು ಇಂಗ್ಲಿಷ್ ಟೀಚರ್ ಆದಾಕಿ ನೀ ಒಬ್ಬಾಕಿನ. ಎರಡು ಮಾತು ಇಂಗ್ಲಿಷಿನಾಗ ಆಡಿಬಿಡವಾ. ಮನಸ್ಸಿನಾಗ ಇದ್ದದ್ದು ಹೇಳಿದ್ರ ಸಾಕು" ಎಂದರು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿದರೆ ಹಾರ ಹಾಕಿದ ಫೋಟೋದ ಮುಂದೆ ಯಾರೂ ಕೂಡುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬರ್ತೇನ್ರಿ ಎಂದೆ.

ಸತ್ತವರ ಬಗ್ಗೆ ಮೊದಲು ಒಳ್ಳೆಯದನ್ನು ಆಡುವುದು ನಮ್ಮ ಕಡೆಯ ರೀತಿ. ನಾನೂ ಹಾಗೇ ಮಾಡುತ್ತೇನೆ. ಅವರು ಇಂಗ್ಲಿಷನ್ನು ಬಹಳ ಚೆನ್ನಾಗಿ ಕಲಿಸುತ್ತಿದ್ದರು. ಎಪ್ಪತ್ತರ ದಶಕದ ನಮ್ಮ ಇಳಕಲ್ಲಿನಲ್ಲಿ ಇಂಗ್ಲಿಷ್ ಅಂದರೆ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆಸುವ ವಿಷಯ, ಅಷ್ಟೇ. ಹುಡುಗರು ಅದರ ಪುಸ್ತಕವನ್ನು ಮುಟ್ಟುವಾಗಲೇ ಮುಖ ಸಿಂಡರಿಸುತ್ತಿದ್ದರು. ಅಂಥದ್ದನ್ನು ಈ ಮನುಷ್ಯ ನಗಿಸುತ್ತ ಕಲಿಸಿದರು. ಬಾಗಲಕೋಟೆಯಿಂದ ಹೊಸದಾಗಿ ಬಂದಿದ್ದರು, ನಮ್ಮ ಓಣಿಯ ತುದಿಯಲ್ಲೇ ಖೋಲಿ ಹಿಡಿದಿದ್ದರು. ತೆಳ್ಳಗಿನ ಆಳು, ಹಣೆಯ ಮೇಲೆ ತೆಳುವಾದ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಟೆರಿಲಿನ್ ಅಂಗಿ. ಎಡಗಡೆಯ ಕಿಸೆಯಲ್ಲಿ ಒಂದು ಶಾಯಿ ಪೆನ್ನು ಸದಾ ಇರುತ್ತಿತ್ತು. ಹೃದಯ ಎಂಬ ಮಾತು ಬಂದಾಗಲೆಲ್ಲ ಅವರು ಬಲಗೈಯಿಂದ ಆ ಕಿಸೆಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದರು. ತಟ್ಟಿ ತಟ್ಟಿ ಪೆನ್ನು ಸೋರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಕಿಸೆಯ ಕೆಳಗೆ ನೀಲಿ ಕಲೆ ಮೂಡುತ್ತಿತ್ತು. "ಸರ್ ಹಾರ್ಟ್ ಸೋರಾಕ ಹತ್ತೈತಲೇ" ಎಂದು ಹಿಂದಿನ ಬೆಂಚಿನವರು ನಗುತ್ತಿದ್ದರು. ಅವರಿಗೂ ಇದು ಗೊತ್ತಿತ್ತು, ಸಿಟ್ಟು ಮಾಡುತ್ತಿರಲಿಲ್ಲ.

ಹೃದಯದ ನುಡಿಗಟ್ಟುಗಳೆಂದರೆ ಅವರಿಗೆ ಪ್ರಾಣ. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಕರಿಹಲಗೆಯ ಮೇಲೆ ದೊಡ್ಡದೊಂದು ಹೃದಯದ ಚಿತ್ರ ಬರೆದರು. ನಮಗೆಲ್ಲ ಅದು ವೀಳ್ಯದೆಲೆಯ ಹಾಗೆ ಕಂಡಿತು. ಅದರ ಸುತ್ತ ಒಂದೊಂದೇ ಬರೆಯುತ್ತ ಹೋದರು. ಹಾರ್ಟ್ ಇನ್ ದ ಮೌತ್ ಅಂದರೆ ಏನು? ಹೃದಯ ಬಾಯೊಳಗೆ ಬಂದರೆ ಮನುಷ್ಯ ಸಾಯುತ್ತಾನೆ ಎಂದ ಒಬ್ಬ. "ಸಾಯೂದಿಲ್ಲಲೇ, ಅಂಜ್ತಾನ. ನಿಮ್ಮವ್ವ ಏನಂತಾಳ? ಜೀವ ಬಾಯಿಗೆ ಬಂತು ಅಂತಾಳಿಲ್ಲೋ, ಅದ ಇದು" ಎಂದರು. ಹಾರ್ಟ್ ಆಫ್ ಸ್ಟೋನ್ ಬಂದಾಗ ಕಲ್ಲು ಪಾಲಿಶ್ ಮಾಡುವವರ ಮನೆಯ ಹುಡುಗನೊಬ್ಬ ಎದ್ದು ನಿಂತು, "ಕಲ್ಲಂದ್ರ ಕೆಟ್ಟದ್ದೇನಲ್ರಿ ಸರ್, ತಿಕ್ಕಿದ್ರ ಅದರಾಗ ನಮ್ಮ ಮಾರಿ ಕಾಣ್ತೈತಿ" ಎಂದ. ಅವರು ತಾವೂ ನಕ್ಕು ಅವನ ಬೆನ್ನು ತಟ್ಟಿದರು. ಅವತ್ತಿನ ತರಗತಿಯನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಖುಷಿಯಾಯಿತಲ್ಲ ಎಂದು ಆಮೇಲೆ ಮೈ ಉರಿಯುತ್ತದೆ.

ಅವರು ಅವತ್ತು ಹೇಳಿದ ಒಂದು ಮಾತನ್ನು ನಾನು ನನ್ನ ತರಗತಿಯ ಮಕ್ಕಳಿಗೂ ಹೇಳುತ್ತೇನೆ, ಯಾರು ಹೇಳಿದ್ದೆಂದು ಮಾತ್ರ ಹೇಳುವುದಿಲ್ಲ. "ಲರ್ನ್ ಬೈ ಹಾರ್ಟ್ ಅಂದ್ರ ನೀವು ಬಾಯಿಪಾಠ ಅಂತೀರಿ. ಇಂಗ್ಲಿಷರು ಎದಿಯಿಂದ ಕಲೀತಾರ, ನಾವು ಬಾಯಿಂದ ಕಲೀತೀವಿ. ಅವರಿಗೆ ಎಲ್ಲಾದಕ್ಕೂ ಹಾರ್ಟ್ ಒಂದ. ನಮಗ ಹಂಗಲ್ಲ. ಅಂಜಿಕಿ ಎದಿಯಾಗ, ಮತ್ಸರ ಹೊಟ್ಯಾಗ, ಅಂತಃಕರಣ ಕರಳಿನಾಗ, ಬ್ಯಾಸರಕಿ ಮನಸ್ಸಿನಾಗ. ನಾವು ಮೈತುಂಬ ಹಂಚಿ ಇಟ್ಟೀವಿ" ಎಂದು ಹೇಳಿ ಕಿಸೆ ತಟ್ಟಿಕೊಂಡರು. ಅವರು ಹಂಚಿ ಇಟ್ಟಿರಲಿಲ್ಲ. ಎಲ್ಲವೂ ಆ ಕಿಸೆಯಲ್ಲೇ ಇತ್ತು, ಬೇಕಾದಾಗ ತೆಗೆಯುವುದಕ್ಕೆ, ಬೇಡವಾದಾಗ ಮುಚ್ಚುವುದಕ್ಕೆ.

ಇನ್ನು ನನ್ನ ಅಕ್ಕನ ಮಾತು ಬರಬೇಕು. ನಮ್ಮ ಮನೆಯ ಪಡಸಾಲೆಯಲ್ಲೇ ಕುಣಿಮಗ್ಗವಿತ್ತು, ಅಪ್ಪ ಸೀರೆ ನೇಯುತ್ತಿದ್ದ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಎಳೆಗಳನ್ನೂ ಸೆರಗಿನ ರೇಷ್ಮೆಯ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಬೇಕು. ಅದು ಅಕ್ಕನ ಕೆಲಸ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆ ಬಿಟ್ಟಿದ್ದಳು. ಮಾತು ಕಡಿಮೆ, ಆಡಿದರೆ ಚಿವುಟಿದಂತಿರುತ್ತಿತ್ತು. ಮಾಸ್ತರರು ತಮ್ಮ ತಾಯಿಗೆ ಸೀರೆ ನೇಯಿಸಲು ನಮ್ಮ ಮನೆಗೆ ಬಂದವರು, ಅಕ್ಕ ಎಳೆ ಜೋಡಿಸುವುದನ್ನು ನೋಡುತ್ತ ಕೂತರು. ಸೀರೆ ಮುಗಿದ ಮೇಲೂ ಬಂದರು. ಆಮೇಲೆ ತಾವೇ ಬಾಯಿಬಿಟ್ಟು ಹೆಣ್ಣು ಕೇಳಿದರು. ನಮ್ಮವರು ಅವರ ಹಿಂದೆ ಬಿದ್ದವರಲ್ಲ, ಇದನ್ನು ಓದುವವರು ಇಷ್ಟನ್ನು ನೆನಪಿಡಬೇಕು.

ಕೇಳುವಾಗಲೂ ನಡುವೆ ಇಂಗ್ಲಿಷ್ ಬಂತು. ಫ್ರಂ ದ ಬಾಟಂ ಆಫ್ ಮೈ ಹಾರ್ಟ್ ಎಂದರು. ಅಪ್ಪ ನನ್ನ ಕಡೆ ನೋಡಿದ. "ಎದಿ ತಳದಿಂದ ಹೇಳ್ತೇನಿ ಅಂತಾರಪ್ಪ" ಎಂದೆ. "ತಳಾ ಗಟ್ಟಿ ಇದ್ರ ಸಾಕ್ರಿ" ಎಂದು ಅಪ್ಪ ನಕ್ಕ. ಅದೇ ವಾರ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡಿದರು. ಓಣಿಯ ಪ್ರತಿ ಮನೆಯವರೂ ಆ ಸಕ್ಕರೆ ತಿಂದರು. ಅಕ್ಕ ತನ್ನ ಮದುವೆಯ ಸೀರೆಗೆ ತಾನೇ ಕೊಂಡಿ ಹಾಕಲು ಶುರು ಮಾಡಿದಳು.

ಬೇಸಿಗೆ ಸೂಟಿಯಲ್ಲಿ ಮಾಸ್ತರರು ಬಾಗಲಕೋಟೆಗೆ ಹೋದರು. ಲಗ್ನದ ತಿಂಗಳು ಗೊತ್ತು ಮಾಡಿಕೊಂಡು ಬರಲೆಂದು ಗುಡೂರಿನ ಸೋದರಮಾವ ಅಲ್ಲಿಗೆ ಹೋದ. ಸಂಜೆಯ ಬಸ್ಸಿಗೆ ತಿರುಗಿ ಬಂದವನು ಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತುಬಿಟ್ಟ.

"ಹುಡುಗನ ಹಾರ್ಟಿಗೆ ಏನೋ ಆಗೇತಿ" ಎಂದ. "ಮನಿ ಒಳಗೂ ಕರೀಲಿಲ್ಲ, ಹೊರಗ ಬಂದು ಬೇವಿನ ಗಿಡದ ಬುಡಕ ನಿಂತ. ಕೈ ಎದಿ ಮ್ಯಾಲೆ ಇಟ್ಟಿದ್ದ. ಕಣ್ಣಾಗ ನೀರು ತಂದ. ಐ ಹ್ಯಾವ್ ಹ್ಯಾಡ್ ಎ ಚೇಂಜ್ ಆಫ್ ಹಾರ್ಟ್, ಐ ಆಮ್ ಸಾರಿ ಅಂದ. ಎರಡು ಸಲ ಅಂದ."

ಮಾವ ಮ್ಯಾಟ್ರಿಕ್‌ವರೆಗೆ ಓದಿದವನು, ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದವನು. ಬೇರೆ ದೇಶದ ಡಾಕ್ಟರರು ಒಬ್ಬರ ಹೃದಯ ತೆಗೆದು ಇನ್ನೊಬ್ಬರಿಗೆ ಹಾಕುತ್ತಾರೆಂಬ ಸುದ್ದಿಯನ್ನು ಆ ವರ್ಷಗಳಲ್ಲಿ ಎಲ್ಲರೂ ರೇಡಿಯೋದಲ್ಲಿ ಕೇಳಿದ್ದೆವು. ಹಾರ್ಟ್ ಚೇಂಜ್ ಅಂದರೆ ಅದೇ ಇರಬೇಕು, ಈಗಾಗಲೇ ಬದಲಿ ಮಾಡಿದ್ದಾರೋ ಇನ್ನು ಮಾಡಬೇಕೋ ಎಂಬುದೊಂದೇ ಮಾವನ ಅನುಮಾನ. ನನಗೂ ಗೊತ್ತಿರಲಿಲ್ಲ. ವೀಳ್ಯದೆಲೆಯ ಸುತ್ತ ಬರೆದದ್ದರಲ್ಲಿ ಆ ಮಾತು ಇರಲಿಲ್ಲ.

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಮಾತು ಬಿಡೋಣವೇನು ಎಂದು ಮಾವ ಕೇಳಿದ್ದಕ್ಕೆ ಅಪ್ಪ, "ಸಕ್ರಿ ತಿಂದೀವಿ. ಬ್ಯಾನಿ ಬಂತಂತ ಕೈ ಬಿಡಾಕ ನಾವು ದನಾ ಕೊಂಡೀವೇನು?" ಎಂದ. ಅಕ್ಕ ಒಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನದಿಂದ ಅವಳು ಉಪ್ಪು ಬಿಟ್ಟಳು. ಅವರು ಗುಣವಾಗುವ ತನಕ ಉಪ್ಪು ಮುಟ್ಟುವುದಿಲ್ಲ ಎಂದು ಬಸವಣ್ಣನ ಮುಂದೆ ಬೇಡಿಕೊಂಡಿದ್ದಳಂತೆ. ಅವ್ವ ಅವಳನ್ನು ಬಾದಾಮಿಗೆ ಕರೆದುಕೊಂಡು ಹೋಗಿ ಬನಶಂಕರಿಗೂ ಹರಕೆ ಹೊತ್ತು ಬಂದಳು. ಆ ಇಂಗ್ಲಿಷ್ ವಾಕ್ಯ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಯಿತು. ಒಂದಕ್ಷರ ಇಂಗ್ಲಿಷ್ ಬಾರದ ಅವ್ವ ಕೂಡ ಬಂದವರಿಗೆ "ಚೇಂಜಾಪಾರ್ಟ್ ಆಗೇತ್ರಿ" ಎಂದು ಹೇಳುತ್ತಿದ್ದಳು.

ಜೂನಿನಲ್ಲಿ ಮಾಸ್ತರರು ತಿರುಗಿ ಬಂದರು. ಇಲ್ಲಿಯವರೆಗೆ ಆದದ್ದು ನಮ್ಮವರ ತಪ್ಪು ತಿಳುವಳಿಕೆ, ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಇಲ್ಲಿಂದ ಮುಂದಿನದ್ದು ಅವರದು. ಅಪ್ಪ ಅವರ ಖೋಲಿಗೆ ಹೋದ, ನಾನೂ ಜೊತೆಗಿದ್ದೆ. "ತಬ್ಯತ್ ಹೆಂಗೈತ್ರಿ ಈಗ? ಎದಿ ನೋಯ್ತೈತೇನು?" ಎಂದು ಅಪ್ಪ ಕೇಳಿದ. ಅವರು ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ ಮನುಷ್ಯನಿಗೆ, ಯಾರೂ ಬೈಯಲು ಬಂದಿಲ್ಲ ಎಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೈ ತಾನಾಗಿ ಎಡಗಿಸೆಗೆ ಹೋಯಿತು.

"ನಡದೈತ್ರಿ, ಔಷಧ ತಗೊಳ್ಳಾಕ ಹತ್ತೇನಿ" ಎಂದರು. "ಸದ್ಯಕ್ಕ ಲಗ್ನ ಬ್ಯಾಡ ಅಂದಾರ ಡಾಕ್ಟರು."

ಎರಡೇ ಮಾತು, ಅಚ್ಚ ಕನ್ನಡದಲ್ಲಿ. ನಿಜ ಹೇಳಲು ಅವರಿಗೆ ಇಂಗ್ಲಿಷ್ ಬೇಕಾಗಿತ್ತು, ಸುಳ್ಳಿಗೆ ಕನ್ನಡವೇ ಸಾಕಾಯಿತು.

ಅವತ್ತಿನಿಂದ ಅವರ ಊಟ ನಮ್ಮ ಮನೆಯಿಂದ. ಉಪ್ಪು ಕಡಿಮೆ, ಎಣ್ಣೆ ಇಲ್ಲ, ಮೆತ್ತಗಿನ ರೊಟ್ಟಿ, ಬೇಯಿಸಿದ ಪಲ್ಲೆ. ಅಕ್ಕನೇ ಮಾಡುತ್ತಿದ್ದಳು, ನಾನು ಶಾಲೆಗೆ ಹೋಗುವಾಗ ಡಬ್ಬಿ ಕೊಟ್ಟು ಹೋಗುತ್ತಿದ್ದೆ. ಅವರು ಮರ್ಯಾದೆಯಿಂದ ತೆಗೆದುಕೊಳ್ಳುತ್ತಿದ್ದರು, ತೊಳೆದು ತಿರುಗಿ ಕೊಡುತ್ತಿದ್ದರು. ಒಂದು ಸಲ ಮಾತ್ರ ಡಬ್ಬಿ ಕೊಡುತ್ತ, "ಸ್ವಲ್ಪ ಖಾರ ಇದ್ರೂ ನಡೀತೈತಿ ಅಂತ ಹೇಳವಾ" ಎಂದರು. ಅದನ್ನು ಅಕ್ಕನಿಗೆ ಹೇಳಿದೆ. "ಬಾಯಿಚಪಲ ಬಿಡಬೇಕಂತ ಹೇಳು" ಎಂದು ಅಕ್ಕ ಅವತ್ತು ಖಾರವನ್ನು ಇನ್ನೂ ಕಡಿಮೆ ಮಾಡಿದಳು. ಆ ವರ್ಷ ಅವರು ಪಟ್ಟ ಕಷ್ಟ ಅದೊಂದೇ ಎಂದು ಕಾಣುತ್ತದೆ.

ಪ್ರತಿ ಶನಿವಾರ ಅವರು ಬಾಗಲಕೋಟೆಗೆ ಹೋಗುತ್ತಿದ್ದರು, ಡಾಕ್ಟರರಿಗೆ ತೋರಿಸಲು. ಒಂದು ಶನಿವಾರ ಸ್ಟ್ಯಾಂಡಿನಲ್ಲಿ ಬಸ್ಸು ಹೊರಟುಬಿಟ್ಟಿತ್ತು. ಅವರು ಬ್ಯಾಗು ಹಿಡಿದುಕೊಂಡು ಅದರ ಹಿಂದೆ ಓಡಿದರು, ಓಡಿ ಹಿಡಿದರು, ಬಾಗಿಲ ಸರಳಿಗೆ ಜೋತುಬಿದ್ದು ಒಳಗೆ ಹಾರಿದರು. ಸಂತೆಗೆ ಬಂದಿದ್ದ ಅವ್ವನೂ ನಾನೂ ನಿಂತು ನೋಡಿದೆವು. "ಪಾಪ, ಬ್ಯಾನಿ ಮರತು ಓಡಿದ್ರು ನೋಡ. ಯಾರರ ಬುದ್ಧಿ ಹೇಳಬೇಕು" ಎಂದಳು ಅವ್ವ. ನನಗೆ ಅಲ್ಲಿಯೇ ಏನೋ ಚುಚ್ಚಿತು, ಏನೆಂದು ತಿಳಿಯಲಿಲ್ಲ.

ಓಣಿಯವರಿಗೆ ಮಾತ್ರ ಎಲ್ಲ ತಿಳಿದಿತ್ತು. ಸಕ್ಕರೆ ತಿಂದ ಬಾಯಿಗಳೇ ಆಡತೊಡಗಿದವು. ಗಟ್ಟಿಯಾಗಿದ್ದ ಹುಡುಗ, ಈ ಹುಡುಗಿಯೊಡನೆ ಲಗ್ನ ಗೊತ್ತಾದ ತಿಂಗಳೊಪ್ಪತ್ತಿನಲ್ಲೇ ಎದೆ ಹಿಡಿದುಕೊಂಡ. ಇವಳ ಕಾಲ್ಗುಣ. ಎದುರು ಮನೆಯ ಮುದುಕಿ ಅಕ್ಕ ನೀರಿಗೆ ಹೋಗುವಾಗ ತನ್ನ ಮೊಮ್ಮಗನನ್ನು ಒಳಗೆ ಕರೆದುಕೊಳ್ಳುತ್ತಿದ್ದಳು. ಅಕ್ಕ ಕಂಡೂ ಕಾಣದ ಹಾಗೆ ಹೋಗುತ್ತಿದ್ದಳು, ಉಪ್ಪಿಲ್ಲದ ಊಟ ಮಾಡುತ್ತಿದ್ದಳು, ದಿನದಿನಕ್ಕೆ ಇಳಿಯುತ್ತಿದ್ದಳು.

ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಪುಸ್ತಕದಲ್ಲಿ ಒಬ್ಬ ರಾಜನ ಪಾಠವಿತ್ತು, ಅದರ ಹಿಂದೆ ನುಡಿಗಟ್ಟುಗಳ ಅಭ್ಯಾಸ. ಮಾಸ್ತರರು ಒಂದೊಂದನ್ನೂ ಓದಿ, ಅರ್ಥ ಹೇಳಿ, ವಾಕ್ಯ ಬರೆಸುತ್ತಿದ್ದರು. ಟೇಕ್ ಹಾರ್ಟ್ ಆಯಿತು. ಹಾರ್ಟ್ ಟು ಹಾರ್ಟ್ ಆಯಿತು. ಅವುಗಳ ನಡುವೆ ಒಂದು ಸಾಲು ಬಿಟ್ಟುಹೋಗಿತ್ತು. ಬಿಟ್ಟ ಸಾಲಿನ ಮೇಲೆ ನನ್ನ ಕಣ್ಣು ಬಿತ್ತು, ಅದು ನಮ್ಮ ಮನೆಯ ವಾಕ್ಯ. ನಾನು ಎದ್ದು ನಿಂತೆ.

"ಸರ್, ಒಂದು ಬಿಟ್ಟೀರಿ."

"ಅದು ಇಂಪಾರ್ಟಂಟ್ ಅಲ್ಲ. ಪರೀಕ್ಷಾಕ್ಕ ಬರೂದಿಲ್ಲ, ಕುಂಡ್ರು."

"ನಮಗ ಇಂಪಾರ್ಟಂಟ್ ಐತ್ರಿ" ಎಂದೆ. ಏನೂ ತಿಳಿಯದೆ ಅಂದ ಮಾತು ಅದು. ಮಾಸ್ತರರ ಮುಖ ಬಿಳಿಚಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳ ಹತ್ತಿರ ಗೈಡ್ ಇತ್ತು. ಅವಳು ಪಾಪ ಸಹಾಯ ಮಾಡಲೆಂದು ಎದ್ದು, "ನಾ ಹೇಳ್ತೇನ್ರಿ ಸರ್. ಚೇಂಜ್ ಆಫ್ ಹಾರ್ಟ್, ಮನಸ್ಸು ಬದಲಾಯಿಸುವುದು" ಎಂದು ಗಟ್ಟಿಯಾಗಿ ಓದಿದಳು.

ತರಗತಿಯಲ್ಲಿ ಉಳಿದ ಯಾರಿಗೂ ಏನೂ ಆಗಲಿಲ್ಲ, ಎಲ್ಲರೂ ಬರೆದುಕೊಂಡರು. ನಾನು ಕೂಡಲಿಲ್ಲ. "ಸರ್, ವಾಕ್ಯ?" ಎಂದೆ. ಅವರು ನಮಗೆ ಬೆನ್ನು ತಿರುಗಿಸಿ ಹಲಗೆಯ ಮೇಲೆ ಬರೆದರು. ದ ಕಿಂಗ್ ಹ್ಯಾಡ್ ಎ ಚೇಂಜ್ ಆಫ್ ಹಾರ್ಟ್ ಅಂಡ್ ರಿಲೀಸ್ಡ್ ದ ಪ್ರಿಸನರ್ಸ್. ರಾಜನ ಮನಸ್ಸು ಬದಲಾಯಿತು, ಸೆರೆಯಾಳುಗಳನ್ನು ಬಿಟ್ಟುಬಿಟ್ಟ. ಅಕ್ಷರ ಮುತ್ತಿನಂತಿದ್ದವು. ನಮ್ಮ ಮನೆಯಲ್ಲಿ ಒಬ್ಬಳು ಇವರ ಸೆರೆಯಲ್ಲಿ ಉಪ್ಪಿಲ್ಲದೆ ಉಣ್ಣುತ್ತಿದ್ದಾಳೆ, ಇವರು ಹಲಗೆಯ ಮೇಲೆ ಸೆರೆಯಾಳುಗಳನ್ನು ಬಿಡುತ್ತಿದ್ದಾರೆ. ನನಗೆ ಆ ಕ್ಷಣದಲ್ಲಿ ಬಂದ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ.

ಮನೆಗೆ ಬಂದು ಚೀಲ ಕೆಳಗಿಡದೆ ಅಕ್ಕನಿಗೆ ಹೇಳಿದೆ. ಅವಳು ಮಗ್ಗದ ಮುಂದೆ ಎಳೆ ಜೋಡಿಸುತ್ತ ಕೂತಿದ್ದಳು. "ಹಂಗಂದ್ರ ಅವರಿಗೆ ಬ್ಯಾನಿ ಇಲ್ಲ?" ಎಂದಳು. ಇಲ್ಲ ಎಂದೆ. "ಚಲೋ ಆತು" ಎಂದಳು.

ಅಷ್ಟೇ. ಮೊದಲು ಅವಳಿಗೆ ತೋಚಿದ್ದು ಅದು, ಅವರು ಸಾಯುವುದಿಲ್ಲ ಎಂಬುದು. ಉಳಿದದ್ದು ಆಮೇಲೆ ನಿಧಾನವಾಗಿ ಅವಳ ಮುಖಕ್ಕೆ ಬಂತು, ನಾನು ನೋಡುತ್ತ ನಿಂತಿದ್ದೆ. ಊಟಕ್ಕೆ ಕೂತಾಗ ಅವಳು ತಾನೇ ಉಪ್ಪಿನ ಡಬ್ಬಿ ಎಳೆದುಕೊಂಡಳು. ಅವ್ವ ಹೌಹಾರಿ ಹರಕೆಯ ಮಾತು ತೆಗೆದಳು. "ಅವರು ಗುಣಾ ಆಗ್ಯಾರವಾ" ಎಂದು ಅಕ್ಕ ಕಲಸಿಕೊಂಡು ಉಂಡಳು.

ಅಪ್ಪ ಜಗಳಕ್ಕೆ ಹೋಗಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಮಾಸ್ತರರ ಖೋಲಿಗೆ ಹೋಗಿ, "ಲಗ್ನ ಬ್ಯಾಡಂದ್ರ ಬ್ಯಾಡ್ರಿ. ಮನಸ್ಸಿಲ್ಲದವರಿಗೆ ಬಾಸಿಂಗ ಕಟ್ಟಿ ಏನ್ ಮಾಡೂದೈತಿ? ಆದ್ರ ಒಂದು ಉಪಕಾರ ಮಾಡ್ರಿ. ಓಣ್ಯಾಗ ನಾಕ ಮಂದಿ ಮುಂದ, ನನಗ ಬ್ಯಾನಿ ಇದ್ದಿಲ್ಲ ಅಂತ ಕನ್ನಡದಾಗ ಹೇಳ್ರಿ. ಹುಡುಗಿ ಹೆಸರು ಉಳೀತೈತಿ" ಎಂದ. ಹೇಳ್ತೇನ್ರಿ ಎಂದರಂತೆ. ಅಪ್ಪ ಏಳುವಾಗ ಕೈ ಹಿಡಿದುಕೊಂಡು ಡೋಂಟ್ ಲೂಸ್ ಹಾರ್ಟ್ ಎಂದರಂತೆ. ಅಪ್ಪ ಮನೆಗೆ ಬಂದು ನನ್ನನ್ನು ಕೇಳಿದ, "ಅದರ ಅರ್ಥ ಏನವಾ? ಈಗ ನಮ್ಮ ಹಾರ್ಟೂ ಕೆಟ್ಟೈತೇನು?"

ಅವರು ಹೇಳಲಿಲ್ಲ. ಪರೀಕ್ಷೆ ಮುಗಿಯುವ ಮುಂಚೆಯೇ ಬಾಗಲಕೋಟೆಯ ಕಾಲೇಜೊಂದರಲ್ಲಿ ಅವರಿಗೆ ಕೆಲಸವಾಯಿತು, ಅಲ್ಲಿಯ ಆಡಳಿತ ಮಂಡಳಿಯವರೊಬ್ಬರ ಮಗಳೊಂದಿಗೆ ಲಗ್ನವೂ ಆಯಿತು. ಶನಿವಾರದ ಡಾಕ್ಟರು ಯಾರೆಂದು ಆಗ ನಮಗೆ ಗೊತ್ತಾಯಿತು. ಕೆಲಸವೂ ಹೆಣ್ಣೂ ಕೈಗೆ ಬರುವ ತನಕ ನಮ್ಮ ಮನೆಯ ಡಬ್ಬಿ ನಡೆಯಲಿ ಎಂದು ಇಟ್ಟುಕೊಂಡಿದ್ದರು. ಅವರು ಆರಾಮಾಗಿ ಲಗ್ನ ಮಾಡಿಕೊಂಡದ್ದನ್ನು ಕೇಳಿಯಾದರೂ ಓಣಿಯವರು ಬಾಯಿ ಮುಚ್ಚುತ್ತಾರೆಂದು ನಾವು ತಿಳಿದಿದ್ದೆವು. "ಈಕಿ ಕೈ ಬಿಟ್ಟ ಮ್ಯಾಲೆ ಗುಣಾ ಆತು ನೋಡ" ಎಂದಳು ಎದುರು ಮನೆಯ ಮುದುಕಿ. ಆಮೇಲೆ ಅಕ್ಕನನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಓಣಿಯಲ್ಲಿ ವಿಚಾರಿಸಿ, ಬಸ್ಸು ಹತ್ತಿ ಹೋದರು. ಬರುವವರೂ ಕಡಿಮೆಯಾದರು, ಕೊನೆಗೆ ನಿಂತರು. ಮದುವೆಗೆಂದು ಹಿಡಿದ ಸೀರೆಯನ್ನು ಅಕ್ಕ ಮುಗಿಸಿ ಮಾರಾಟಕ್ಕೆ ಕಳಿಸಿದಳು. ಅಪ್ಪ ಹೋದ ಮೇಲೆ ಮಗ್ಗವೂ ಅವಳದೇ ಆಯಿತು.

ನಾನು ಇಂಗ್ಲಿಷ್ ಓದಿದ್ದು ಅವರ ಮೇಲಿನ ಸಿಟ್ಟಿಗೆ. ನನ್ನ ತರಗತಿಯಲ್ಲಿ ಚೇಂಜ್ ಆಫ್ ಹಾರ್ಟ್ ಬಂದಾಗ ನಾನು ಬರೆಸುವ ವಾಕ್ಯ ಬೇರೆ. ದ ಮ್ಯಾನ್ ಹ್ಯಾಡ್ ಎ ಚೇಂಜ್ ಆಫ್ ಹಾರ್ಟ್ ಅಂಡ್ ಡಿಡ್ ನಾಟ್ ಟೆಲ್ ದ ಗರ್ಲ್. ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ವ್ಯಾಕರಣ ತಪ್ಪಿಲ್ಲದ್ದರಿಂದ ಏನೂ ಅನ್ನಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ಸತ್ತರು. ಇನ್ನೂ ಐವತ್ತು ದಾಟಿರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಕುಸಿದರಂತೆ, ಹಾರ್ಟ್ ಫೇಲ್. ಶ್ರದ್ಧಾಂಜಲಿ ಸಭೆಯಲ್ಲಿ ಹೆಡ್‌ಮಾಸ್ತರರು ಮೊದಲು ಮಾತಾಡಿದರು. ಇಳಕಲ್ಲಿನಲ್ಲಿ ಇದ್ದಾಗಲೇ ಅವರಿಗೆ ಹೃದಯದ ಬೇನೆ ಇತ್ತು, ಅದನ್ನು ಲೆಕ್ಕಿಸದೆ ಮಕ್ಕಳಿಗಾಗಿ ಜೀವ ತೇದರು ಎಂದರು. ನಮ್ಮ ಓಣಿಯವರು ಹಿಂದೆ ಕೂತಿದ್ದರು, ತಲೆದೂಗಿದರು. ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಅವಾಗ ಹಿಡದದ್ದು ಈಗ ಒಯ್ತು ನೋಡ, ಆ ಹುಡುಗಿ ದೆಸಿಯಿಂದ."

ನನ್ನ ಹೆಸರು ಕರೆದರು. ನಾನು ಇಂಗ್ಲಿಷ್ ಆಡಲಿಲ್ಲ. "ಇಳಕಲ್ಲಿನಾಗ ಇದ್ದಾಗ ಅವರಿಗೆ ಯಾವ ಬ್ಯಾನೀನೂ ಇದ್ದಿಲ್ಲ. ನಮ್ಮಕ್ಕನ ಮದುವಿ ಆಗೂ ಮನಸ್ಸು ಇದ್ದಿಲ್ಲ, ಅದಕ್ಕ ಸುಳ್ಳು ಹೇಳಿದ್ರು" ಎಂದೆ. ನಮ್ಮಪ್ಪ ಅವರಿಂದ ಬೇಡಿಕೊಂಡಿದ್ದ ಮಾತನ್ನು ಕೊನೆಗೆ ಅವರ ಫೋಟೋದ ಪಕ್ಕದಲ್ಲಿ ನಿಂತು ನಾನು ಆಡಬೇಕಾಯಿತು. ಹೆಡ್‌ಮಾಸ್ತರರು ಎದ್ದು ಮೌನಾಚರಣೆ ಎಂದರು, ಎಲ್ಲರೂ ಎದ್ದು ನಿಂತರು. ಹೊರಗೆ ಬರುವಾಗ ಎದುರು ಮನೆಯ ಮುದುಕಿಯ ಸೊಸೆ ನನ್ನ ಕೈ ಹಿಡಿದು, "ಸತ್ತವರ ಮ್ಯಾಲೆ ಯಾಕ ಸುಳ್ಳು ಹೇಳಿದೆವಾ, ಅವರು ಸತ್ತದ್ದ ಅದರಿಂದ" ಎಂದಳು. ಆ ಮನುಷ್ಯ ಬದುಕಿದ್ದಾಗ ಆಡಿದ ಸುಳ್ಳನ್ನು ಸತ್ತು ಖರೆ ಮಾಡಿ ಹೋಗಿದ್ದರು.

ಮನೆಗೆ ಬಂದೆ. ಅಕ್ಕ ಬಾಗಿಲ ಬೆಳಕಿಗೆ ಕೂತು ಸೆರಗಿನ ಎಳೆಗಳನ್ನು ಜೋಡಿಸುತ್ತಿದ್ದಳು. ಅವರು ಹೋದ ಸುದ್ದಿ ಅವಳಿಗೆ ಗೊತ್ತಿತ್ತು, ಹೇಗೆ ಹೋದರೆಂದು ಯಾರನ್ನೂ ಕೇಳಿರಲಿಲ್ಲ. ಸಭೆಯಲ್ಲಿ ನಾನು ಆಡಿದ್ದನ್ನೂ, ಮುದುಕಿಯ ಸೊಸೆ ಅಂದದ್ದನ್ನೂ ನಾನು ಹೇಳಲಿಲ್ಲ. ಅವಳೇ ಕೇಳಿದಳು.

"ಏನಾಗಿತ್ತಂತ ಅವರಿಗೆ?"

"ಹಾರ್ಟ್ ಫೇಲ್" ಎಂದೆ.

ಅಕ್ಕ ಎಳೆಯ ತುದಿಯನ್ನು ನಾಲಿಗೆಗೆ ತಗಲಿಸಿ ಒದ್ದೆ ಮಾಡಿಕೊಂಡಳು. ಕೊಂಡಿ ಹಾಕಿ ಎಳೆದು ನೋಡಿದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಖರೇನ? ಈ ಸಲ ಡಾಕ್ಟರ್ ಹೇಳಿದ್ದೋ, ಅವರ ಹೇಳಿದ್ದೋ?"